ಟವೆಲ್ಲಿನ ಕೆಳಗಿನ ಬೆಲೆ

ಪಾಪಣ್ಣ ಶೆಟ್ಟರು ಬಸ್ಸಿನಲ್ಲಿ ಬರುತ್ತಿದ್ದರು. ಅವರ ಕಾರು ಖಾಲಿಯಾಗಿ ಬಸ್ಸಿನ ಹಿಂದೆ ಬರುತ್ತಿತ್ತು. ಚಳ್ಳಕೆರೆಯಲ್ಲಿ ಮೂರು ಎಣ್ಣೆ ಮಿಲ್ಲುಗಳಿದ್ದ ಮನುಷ್ಯ ಸವೆದ ಚಪ್ಪಲಿಯಲ್ಲಿ ಮೊಳಕಾಲ್ಮುರಿನ ನಮ್ಮ ನೇಕಾರರ ಓಣಿಗೆ ನಡೆದು ಬರುತ್ತಿದ್ದರು.

"ಕಾರು ಕಂಡ್ರೆ ನೀವು ಸೀರೆ ರೇಟು ಏರುಸ್ತೀರಿ ಕಣಯ್ಯಾ."

ವಾಪಸ್ಸು ಹೋಗುವಾಗ ಸೀರೆಗಳು ಕಾರಿನಲ್ಲಿ, ಶೆಟ್ಟರು ಬಸ್ಸಿನಲ್ಲಿ. ಹಾಗೆ ಕೊಂಡ ರೇಷ್ಮೆ ಸೀರೆಗಳನ್ನು ಮಿಲ್ಲಿನ ಹಮಾಲರ ಮನೆ ಮದುವೆಗಳಿಗೆಲ್ಲ ಕೊಟ್ಟುಬಿಡುತ್ತಿದ್ದರು. ಜಿಪುಣರೋ ಧಾರಾಳಿಯೋ ನನಗೆ ಇಂದಿಗೂ ಬಗೆಹರಿದಿಲ್ಲ. ಸುಗ್ಗಿಯಲ್ಲಿ ಕೊಂಡ ಶೇಂಗಾವನ್ನು ಗೋದಾಮಿನಲ್ಲಿಟ್ಟು, ರೇಟು ಏರುವವರೆಗೆ ಸುಮ್ಮನೆ ಕೂರುವುದೇ ಅವರ ವ್ಯಾಪಾರ. ಸುಮ್ಮನೆ ಕೂರುವುದು ನನಗೂ ಬರುತ್ತದೆ. ಚಿಂತೆಯ ಹೊರತು ಬೇರೇನೂ ಬೆಳೆಯುವುದಿಲ್ಲ.

ಬೆಲೆಯನ್ನು ಅವರು ಬಾಯಲ್ಲಿ ಹೇಳಿದವರಲ್ಲ. ಹಳೇ ಮಂಡಿಯವರ ಪದ್ಧತಿಯಂತೆ ಕೈಗಳ ಮೇಲೆ ಟವೆಲ್ ಹಾಸಿ, ಎದುರಿನವನ ಬೆರಳು ಹಿಸುಕಿ ತಿಳಿಸುವುದು. ನಮ್ಮ ಮನೆಯಲ್ಲಿ ಆ ಭಾಷೆ ಬಲ್ಲವನು ಅಪ್ಪ. ಅಪ್ಪ ಹೋದ ಮೇಲೆ, ಮೊಮ್ಮಗಳ ಮದುವೆ ಸೀರೆಗೆಂದು ಬಂದ ಶೆಟ್ಟರೆದುರು ನಾನು ಕೂತೆ. ಟವೆಲ್ಲಿನೊಳಗೆ ನನ್ನ ಐದೂ ಬೆರಳನ್ನು ಹಿಡಿದರು. ಆಮೇಲೆ ಎರಡನ್ನು, ಬಹಳ ಹೊತ್ತು. ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ ಗಂಭೀರವಾಗಿ ತಲೆಯಾಡಿಸಿದೆ.

"ದುಡ್ಡು ಮದ್ವೆ ಆದ್ಮೇಲೆ" ಎಂದು ಸೀರೆ ಒಯ್ದರು.

"ಎಷ್ಟಕ್ಕೆ ಕೊಟ್ಯಲೇ?" ಎಂದಳು ಅವ್ವ.

"ಐದು... ಆಮೇಲೆ ಎರಡು."

"ಐವತ್ತೆರಡು ಸಾವಿರನಾ, ಇಪ್ಪತ್ತೈದಾ? ಇಲ್ಲಾ ಕೂಡ್ಸಿ ಏಳಾ? ಮಗ್ಗಕ್ಕೆ ರೇಷ್ಮೆ ಇದೇ ದುಡ್ಡಾಗೆ ತರ್ಬೇಕು, ಗ್ಯಾನ ಐತಾ?"

ಮದುವೆಯಾದ ವಾರದೊಳಗೆ ಶೆಟ್ಟರು ತೀರಿಕೊಂಡರು. ತಿಥಿ ಮುಗಿದ ಮೇಲೆ ಅಳುಕುತ್ತಲೇ ಚಳ್ಳಕೆರೆಗೆ ಹೋದೆ.

"ಅಪ್ಪ ಸೀರೆ ರೇಟು ಎಷ್ಟಕ್ಕೆ ಮುರಿದಿದ್ರು ಅಣ್ಣಾ?" ಎಂದ ಅವರ ಮಗ.

ಐವತ್ತೆರಡು ಗಂಟಲವರೆಗೆ ಬಂದಿತ್ತು. ಹೊರಬಿದ್ದದ್ದು ಮಾತ್ರ, "ನಂಗೆ ಆ ಬೆರಳಿನ ಲೆಕ್ಕ ಬರಲ್ಲ ಸ್ವಾಮಿ."

ಅವನು ನಕ್ಕ. ಕಣ್ಣು ಒರೆಸಿಕೊಂಡ.

"ಅಪ್ಪಂಗೂ ಎರಡು ವರ್ಷದಿಂದ ಬೆರಳು ಹಿಡಿಯೋ ಕೈ ಸರಿಯಾಗಿ ಸ್ವಾಧೀನ ಇರ್ಲಿಲ್ಲ. ಲಕ್ವ ಹೊಡೆದು, ಎಷ್ಟು ಬೆರಳು ಹಿಡಿದೀನಿ ಅಂತ ಅವ್ರಿಗೇ ತಿಳೀತಿರ್ಲಿಲ್ಲ. ಮಂಡಿಗೆ ಗೊತ್ತಾದ್ರೆ ವ್ಯಾಪಾರ ಕೆಡ್ತೈತೆ ಅಂತ ಕೈ ಮೇಲಿಂದ ಟವೆಲ್ ತೆಗೀತಾನೇ ಇರ್ಲಿಲ್ಲ. ದಲ್ಲಾಳಿಗಳೂ ನಿನ್ನಂಗೇ ತಲೆ ಆಡ್ಸಿ, ರೇಟು ಎಷ್ಟು ಅಂತ ಆಮೇಲೆ ನನ್ನತ್ರ ಬಂದು ಕೇಳ್ತಿದ್ರು. ನೀನೇ ಹೇಳು, ಎಷ್ಟು?"

"ಅಂಥಾ ಸೀರೆ ಮೂವತ್ತಕ್ಕೆ ಕೊಡ್ತೀವಿ."

ಮೂವತ್ತು ಸಾವಿರ ಎಣಿಸಿ ಕೊಟ್ಟ. ಮಗ್ಗಕ್ಕೆ ರೇಷ್ಮೆ ಬಂತು. ಆದರೂ ನನ್ನ ಗೊಂದಲ ಹರಿದಿಲ್ಲ. ಅವತ್ತು ಶೆಟ್ಟರು ಬೆಲೆ ಹೇಳುತ್ತಿದ್ದರೋ, ಸುಮ್ಮನೆ ನನ್ನ ಕೈ ಹಿಡಿದು ಕೂತಿದ್ದರೋ?