ಅಕ್ಕ ಬಿಚ್ಚಿದ ಗಂಟು

ಗುಡ್ಡದ ಮೇಲೆ ಕಾಡುಹಣ್ಣು ಬಿಡಿಸುವ ಹೆಂಗಸರಲ್ಲಿ ಒಂದು ಕಟ್ಟುಪಾಡಿತ್ತು. ಮುಳ್ಳುಗಿಡಕ್ಕೆ ಮೊದಲು ಬಟ್ಟೆಚೂರು ಕಟ್ಟಿದವರದೇ ಆ ಗಿಡ. ಅದು ಎಲ್ಲಿದೆಯೆಂದು ಒಡಹುಟ್ಟಿದವರಿಗೂ ಬಾಯಿಬಿಡುವಂತಿಲ್ಲ. ಅವರಲ್ಲಿದ್ದ ಅಕ್ಕತಂಗಿಯರಲ್ಲಿ, ಊರೆಲ್ಲ ಬಾಯಿಬಡುಕಿ ಎಂದು ಕರೆಯುತ್ತಿದ್ದ ತಂಗಿ ಕೂಡ ಇದೊಂದು ವಿಷಯದಲ್ಲಿ ತುಟಿಪಿಟಕ್ಕೆನ್ನುತ್ತಿರಲಿಲ್ಲ.

ಗಂಡ ಸತ್ತ ವರ್ಷ, ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ದಿಕ್ಕು ತೋಚದೆ ಅಲೆಯುತ್ತಿದ್ದಾಗ, ಅವಳಿಗೆ ಬಂಡೆಯ ಮರೆಯಲ್ಲಿ ಬಟ್ಟೆ ಕಟ್ಟದ ಗಿಡವೊಂದು ಸಿಕ್ಕಿತು. ಹಣ್ಣೋ ಹಣ್ಣು! ಒಂಬತ್ತು ವರ್ಷ ಜಾಮ್ ಕಾರ್ಖಾನೆಗೆ ಅವಳ ಬುಟ್ಟಿ ತುಂಬಿಯೇ ಹೋಯಿತು. ಅದೇ ವರ್ಷದಿಂದ ಅಕ್ಕ ಮಾತ್ರ ಇನ್ನೂ ಮೇಲಕ್ಕೆ, ಕಡಿದಾದ ಕಡೆ ಹತ್ತಿ, ಅರ್ಧ ಬುಟ್ಟಿ ತರತೊಡಗಿದಳು. ಮೊಣಕಾಲು ಹಾಳಾಯಿತು. "ಕಣ್ಣು ಕಾಣಲ್ವೇನೇ ಅಕ್ಕ ನಿಂಗೆ?" ಎಂದು ತಂಗಿ ಛೇಡಿಸಿದರೆ ನಕ್ಕುಬಿಡುತ್ತಿದ್ದಳು.

ಈ ವರ್ಷ ಅಕ್ಕ ಹಾಸಿಗೆ ಹಿಡಿದಳು. ಡಾಕ್ಟರು ಕೈಚೆಲ್ಲಿದರು. ಒಂದು ಬೆಳಿಗ್ಗೆ ಜ್ವರದ ಮಂಪರಿನಲ್ಲಿ ತಂಗಿಯ ಕೈ ಹಿಡಿದಳು.

"ಬಾಯೆಲ್ಲಾ ಕಹಿ ಕಣೇ. ನನ್ನ ಗಿಡದ್ದು ಒಂದು ಹಿಡಿ ಹಣ್ಣು ತಂದ್ಕೊಡ್ತೀಯಾ?"

ಕಟ್ಟುಪಾಡು ಮುರಿದು ದಾರಿಯನ್ನೂ ಹೇಳಿದಳು: ನೀರಿನ ತೊಟ್ಟಿಯಿಂದ ಮೇಲಕ್ಕೆ, ಸೀಳುಬಂಡೆ ದಾಟಿ ಎಡಕ್ಕೆ.

ತಂಗಿ ಎದ್ದೆನೋ ಬಿದ್ದೆನೋ ಎಂದು ಓಡಿದಳು. ಎಡಕ್ಕೆ ತಿರುಗಿ ನೋಡುತ್ತಾಳೆ, ತನ್ನದೇ ಗಿಡ! ಇಷ್ಟು ವರ್ಷ ಆಚೆ ಬದಿಯಿಂದ ಬರುತ್ತಿದ್ದಳು, ಅಷ್ಟೇ. ಈ ಬದಿಯ ಕಾಂಡದಲ್ಲಿ ಹಳೆಯ ಗಂಟು ತೊಗಟೆಗೆ ಊರಿದ ಗುರುತಿತ್ತು. ಗಿಡ ತಂಗಿಗೆ ಸಿಗಲೆಂದೇ ಅಕ್ಕ ತಾನು ಕಟ್ಟಿದ್ದ ಬಟ್ಟೆಚೂರು ಬಿಚ್ಚಿಕೊಂಡು ಹೋಗಿದ್ದಳು; ಈಗ ಜ್ವರದ ಮಂಪರಿನಲ್ಲಿ ಅದನ್ನೇ ಮರೆತಿದ್ದಳು. ಗಿಡದಲ್ಲಿ ಒಂದೇ ಒಂದು ಹಣ್ಣಿರಲಿಲ್ಲ. ಮೊನ್ನೆ ತಾನೇ ಕೊನೆಯದನ್ನೂ ಬಿಡದೆ ಬಿಡಿಸಿ ಕಾರ್ಖಾನೆಗೆ ಸುರಿದಿದ್ದಳು. ಹಣ್ಣಿನ ಕಾಲ ಮುಗಿದು ಬೇರೆಲ್ಲೂ ಹಣ್ಣು ಉಳಿದಿರಲಿಲ್ಲ.

ಕಾರ್ಖಾನೆಗೆ ಹೋಗಿ ಮೇಸ್ತ್ರಿಯ ಮುಂದೆ ಗೋಗರೆದಳು. "ದಮ್ಮಯ್ಯ, ಒಂದು ಹಿಡಿ ಕೊಡಿ."

"ಎಲ್ಲಾ ಬೆಂದು ಬಾಟ್ಲಿ ಸೇರ್ಕೊಂಡಾಯ್ತಲ್ಲಮ್ಮ," ಎಂದು ಅವನು ಪೇಚಾಡಿಕೊಂಡು ಒಂದು ಬಾಟಲಿ ಕೈಗಿತ್ತ.

ಮನೆಗೆ ಬಂದು ಬೆರಳ ತುದಿಯಷ್ಟು ಜಾಮನ್ನು ಅಕ್ಕನ ನಾಲಿಗೆಗೆ ಸವರಿದಳು. "ನಿನ್ನ ಗಿಡದ್ದೇ ಅಕ್ಕ."

ಅಕ್ಕ ಚಪ್ಪರಿಸಿ ಮುಖ ತಿರುಗಿಸಿದಳು. "ಸುಳ್ಳು ಹೇಳ್ಬೇಡ ಕಣೇ. ನನ್ನ ಗಿಡದ ಹುಳಿ ನಂಗೊತ್ತಿಲ್ವಾ?"

ತಂಗಿ ಆಣೆ ಹಾಕಿದಳು, ಅತ್ತಳು, ಗಂಟಿನ ಗುರುತು ನೋಡಿದೆ ಎಂದಳು. ಅಕ್ಕ ನಂಬಲಿಲ್ಲ. ಸಂಜೆಗೆ ಮುಂಚೆ, ಮುಖ ಆಚೆ ತಿರುಗಿಸಿಕೊಂಡೇ, ಹೋಗಿಬಿಟ್ಟಳು.