ಸಿದ್ದವ್ವ ಟಿವಿಯ ಮೇಲೆ ಕೊಟ್ಟ ದೂರು

ತಿಳವಳ್ಳಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಆನ್‌ಲೈನ್ ಅರ್ಜಿಯನ್ನೂ ಹಾಕಿಕೊಡುತ್ತೇನೆ. ಪಕ್ಕದ ಹಿಟ್ಟಿನ ಗಿರಣಿ ಸಿದ್ದವ್ವನದು. ಮೊದಲು ಗಂಡ ಕರಿಬಸಪ್ಪನೂ ಇದ್ದ. ಅವನಿಗೆ ಮೈತುಂಬ ತೊನ್ನು. ಹಿಟ್ಟು ಮೆತ್ತಿದ ಕೈಯಲ್ಲಿ ಯಾವುದು ಹಿಟ್ಟು, ಯಾವುದು ಚರ್ಮ ಎಂದೇ ತಿಳಿಯುತ್ತಿರಲಿಲ್ಲ. "ಗಿರಣಿಯವಗ ಇದ ಛಲೋ ಬಣ್ಣ" ಎಂದು ಅವನೇ ನಗುತ್ತಿದ್ದ. ಹೋದ ವರ್ಷ ತೀರಿಕೊಂಡ. ಅವರ ಹೊಲದ ಬದುವಿನಲ್ಲೇ ಮಣ್ಣು ಮಾಡಿದರು.

ಈ ಸಲ ಮಿರ್ಗದ ಮಳೆ ಕೈಕೊಟ್ಟಿತು, ಆರಿದ್ರಾ ಮಳೆಯದೂ ಸುಳಿವಿಲ್ಲ. ಗೋವಿನಜೋಳದ ಸಸಿ ಒಣಗತೊಡಗಿತ್ತು. ಸರದಿಗೆ ಕುಳಿತವರಿಗೆಂದು ಸಿದ್ದವ್ವ ಗಿರಣಿಯಲ್ಲಿ ಟಿವಿ ಇಟ್ಟಿದ್ದಾಳೆ. ಒಂದು ಮಧ್ಯಾಹ್ನ ಅದರಲ್ಲಿ ಯಾರೋ ಪಂಡಿತನಂತೆ. ಹವಾಮಾನ ಬದಲಾವಣೆ ಎಂಬುದೆಲ್ಲ ಬುರುಡೆ, ಭೂಮಿ ಬಿಸಿಯಾಗಿಯೇ ಇಲ್ಲ, ತೊನ್ನಿನವರನ್ನು ಹೂತ ಊರಿಗೆ ಮಳೆ ಬರುವುದಿಲ್ಲ ಎಂದ. ಗಿರಣಿಯಲ್ಲಿದ್ದವರೆಲ್ಲ ಸಿದ್ದವ್ವನ ಮುಖ ನೋಡಿದರು.

ಅಂಥ ಹೆಣ ಹೊರತೆಗೆದು ಸುಟ್ಟರೆ ಮಳೆಯಾಗುತ್ತದೆ ಎಂಬ ಮಾತು ನಮ್ಮಜ್ಜಿಯ ಕಾಲಕ್ಕೇ ಸತ್ತಿತ್ತು. ಈ ಮೂಳ ನೀರು ಹೊಯ್ದು ಮತ್ತೆ ಚಿಗುರಿಸಿದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಮ್ಮವರು! ಸಂಜೆಗೆ ಊರ ಹಿರಿಯ ಶಿವಾನಂದಪ್ಪ ನಾಲ್ಕು ಮಂದಿಯನ್ನು ಕಟ್ಟಿಕೊಂಡು ಗಿರಣಿಗೆ ಬಂದ.

"ಸಿಟ್ಟಾಗಬ್ಯಾಡ ಸಿದ್ದವ್ವಾ. ಊರಮಂದಿ ಹೊಟ್ಟಿ ಪ್ರಶ್ನೆ ಐತಿ."

"ಇಷ್ಟ ವರ್ಷ ಅಂವ ಬೀಸಿದ ಹಿಟ್ಟಿನ ರೊಟ್ಟಿ ತಿಂದ್ರಿ. ಆವಾಗ ಹೊಟ್ಟಿಗೆ ಏನೂ ಆಗಲಿಲ್ಲೇನ್ರಿ?"

"ನಾವು ಹೇಳಿದ್ದಲ್ಲವ್ವಾ, ಟಿವ್ಯಾಗ ಹೇಳ್ಯಾರ."

"ಅದ ಟಿವಿಯವ್ರು ಸುಳ್ಳು ಅಂದ್ರ?"

ಶಿವಾನಂದಪ್ಪ ತಬ್ಬಿಬ್ಬಾದ. "ಅಂದ್ರ ಬಿಡ್ತೇವಿ. ಪುನರ್ವಸು ಮಳಿ ಹತ್ತೂತನಾ ಕಾಯ್ತೇವಿ. ಆಮ್ಯಾಲ ನಮ್ಮನ್ನ ತಡೀಬ್ಯಾಡ."

ಮರುದಿನ ನಾನು ಬಾಗಿಲು ತೆಗೆಯುವ ಮೊದಲೇ ಸಿದ್ದವ್ವ ಅಂಗಡಿಯ ಕಟ್ಟೆಯ ಮೇಲಿದ್ದಳು. "ನೇತ್ರಾ, ಟಿವಿಯವ್ರ ಮ್ಯಾಲ ಅರ್ಜಿ ಹಾಕು." ಟಿವಿಯ ಮೇಲೂ ದೂರು ಕೊಡಬಹುದೆಂದು ನನಗೇ ಗೊತ್ತಿರಲಿಲ್ಲ. ಹುಡುಕಿದೆ. ಮೊದಲು ಚಾನೆಲ್ಲಿಗೇ ಬರೆಯಬೇಕು. ಅವರು ಒಪ್ಪದಿದ್ದರೆ ಮೇಲೆ ಚಾನೆಲ್ಲುಗಳನ್ನು ನಿಯಂತ್ರಿಸುವ ಮಂಡಳಿಯಿದೆ. ಬಿಸಿಲು ಏರಿದ್ದಕ್ಕೆ, ಮಳೆ ದಿಕ್ಕು ತಪ್ಪಿದ್ದಕ್ಕೆ ವಿಜ್ಞಾನಿಗಳು ಕೊಟ್ಟ ಕಾರಣಗಳನ್ನೆಲ್ಲ ನಾನು ಸೇರಿಸಿದೆ. ಅವಳು ಬರೆಸಿದ್ದು ಇಷ್ಟೇ: "ನನ್ನ ಗಂಡ ಮಳಿ ತಡದಿಲ್ಲ. ಆಡಿದ ಮಾತು ಟಿವ್ಯಾಗ ಹಿಂದ ತಗೋರಿ."

ಚಾನೆಲ್ಲಿನವರ ಉತ್ತರ ಬಂತು. ಅತಿಥಿಯ ಅಭಿಪ್ರಾಯಕ್ಕೆ ನಾವು ಹೊಣೆಯಲ್ಲವಂತೆ! ಕರೆದು ಕೂರಿಸಿದವರು ಮತ್ತೆ ಯಾರು? ನನಗೆ ಮೈಯೆಲ್ಲ ಉರಿದುಹೋಯಿತು. ಸಿದ್ದವ್ವ ಮಾತ್ರ ಸಂಜೆಯಾದರೆ ಹೊಲಕ್ಕೆ ಹೋಗಿ ಬದುವಿನ ಮೇಲೆ ಕೂರತೊಡಗಿದಳು.

ಪುನರ್ವಸು ಇನ್ನೇನು ಹತ್ತಬೇಕು. ಮಂಡಳಿಗೆ ದೂರು ಟೈಪ್ ಮಾಡುತ್ತ ಕುಳಿತಿದ್ದೆ, ಮಳೆ ಬಂತು. ಅರ್ಧಕ್ಕೇ ಬಿಟ್ಟು ಗಿರಣಿಗೆ ಓಡಿದೆ. ಶಿವಾನಂದಪ್ಪ ತೊಯ್ಸಿಕೊಂಡೇ ಬಂದು ನಿಂತಿದ್ದ. "ನಿನ್ನ ಗಂಡ ಪುಣ್ಯವಂತ ಬಿಡವ್ವಾ, ಉಳಕೊಂಡ!" ಎಲ್ಲರೂ ನಕ್ಕರು. ಸಂತೋಷದಲ್ಲಿ ನಾನೂ ನಕ್ಕೆ.

ಸಿದ್ದವ್ವ ಗಿರಣಿ ಬಂದ್ ಮಾಡಿದಳು. ನನ್ನ ಕೈ ಹಿಡಿದು ಮಳೆಯಲ್ಲೇ ಅಂಗಡಿಗೆ ಕರೆದುಕೊಂಡು ಬಂದು ಕಂಪ್ಯೂಟರ್ ಮುಂದೆ ಕೂರಿಸಿದಳು.

"ಅರ್ಧಾ ಬಿಟ್ಟೀಯಲ್ಲ, ಮುಗಸು."

"ಮಳಿ ಬಂತಲ್ಲ ಚಿಗವ್ವಾ, ಇನ್ನ್ಯಾಕ?"

ಅವಳ ಕಣ್ಣು ತುಂಬಿಬಂದವು.

"ಮಳಿ ಬಂತಂತ ಉಳದಾನ. ಹಂಗ ಉಳೀಬಾರ್ದು ಅಂವ."