ಪಕ್ಕದ ಮನೆಯ ದೊಡ್ಡಾಳು

ಡೆಟ್ರಾಯ್ಟ್‌ನ ಪೂರ್ವ ದಿಕ್ಕಿನ ಆ ಬೀದಿಯಲ್ಲಿ, ಓಡೆಲ್ಲಾ ಟಿಬ್ಸ್ ಎಂಬವಳ ಪಕ್ಕದ ಮನೆಯ ದೊಡ್ಡಾಳನ್ನು ಕಂಡವರಿರಲಿಲ್ಲ, ಅವನಿಗೆ ಹೆದರದವರೂ ಇರಲಿಲ್ಲ. ಅವನ ಬೂಟುಗಳು ಜಗಲಿಯ ಮೇಲಿರುತ್ತಿದ್ದವು. ಬೆಕ್ಕೊಂದು ಒಳಗೆ ಹೊಕ್ಕು ಮರಿ ಹಾಕಬಹುದು, ಅಷ್ಟು ದೊಡ್ಡವು. ಕಿಟಕಿಗೆ ಪರದೆ, ಸಂಜೆಯಾದರೆ ದೀಪ, ವಾರಕ್ಕೊಮ್ಮೆ ಬೀದಿಗೆ ಬರುವ ಕಸದ ಡಬ್ಬಿ.

ಅಂಥ ಆಸಾಮಿ ಇರಲೇ ಇಲ್ಲ. ಕಾರು ಕಾರ್ಖಾನೆಗಳು ಮುಚ್ಚಿ ಜನ ಗುಳೆ ಹೋದ ಕಾಲದಲ್ಲಿ, ಮನೆ ಖಾಲಿ ಎಂದು ತಿಳಿದರೆ ಸಾಕು, ಕಳ್ಳರು ನುಗ್ಗಿ ತಾಮ್ರದ ಪೈಪು ಕಿತ್ತೊಯ್ಯುತ್ತಿದ್ದರು. ಕಾರ್ಖಾನೆಯಲ್ಲಿ ಕಾರಿನ ಚಕ್ರದ ಅಚ್ಚು ಜೋಡಿಸಿ ಗಟ್ಟಿಯಾದ ಕೈ ಓಡೆಲ್ಲಾಳದು. ಪಕ್ಕದವರು ಬಿಟ್ಟುಹೋದ ವಾರವೇ ಆ ಮನೆಗೊಬ್ಬ ಗಂಡಸನ್ನು ಹುಟ್ಟಿಸಿಬಿಟ್ಟಳು. ಗುರುತಿಲ್ಲದ ವ್ಯಾನು ಕಂಡರೆ ಬೇಲಿಯ ಬಳಿ ನಿಂತು, "ಏನಯ್ಯಾ, ಆ ನಾಯೀನ ಕಟ್ಟಿಹಾಕೋ" ಎಂದು ಖಾಲಿ ಮನೆಗೆ ಗದರುವಳು.

ಈಗ ಊರಿಗೆ ಜೀವ ಬಂದಿತ್ತು. ಕಾರ್ಖಾನೆ ಮತ್ತೆ ಆಳು ಕರೆಯುತ್ತಿತ್ತು. ಪರವೂರಿನ ದುಡ್ಡಸ್ಥರು ಕಂಪ್ಯೂಟರಿನಲ್ಲೇ ಹರಾಜು ಕೂಗಿ ಮನೆ ಕೊಂಡು, ಬೆಲೆ ಏರಲೆಂದು ಬೀಗ ಜಡಿದು ಬಿಡುತ್ತಿದ್ದರು. ಬಿದ್ದ ಮನೆಗಿಂತ ಬೀಗದ ಮನೆಯೇನು ಮೇಲು? ಆದರೆ ಖಾಲಿ ಮನೆಯನ್ನು ಹರಾಜಿಗೆ ಮುಂಚೆ ನೆರೆಯವರು ತಮಗೇ ಮಾರಿರೆಂದು ನಗರದ ಕಚೇರಿಯನ್ನು ಕೇಳಬಹುದಿತ್ತು. ಓಡೆಲ್ಲಾ ಕೇಳಿದಳು. ಟೊಲೀಡೋ ಊರಿನ ಬಾಡಿಗೆ ಕೋಣೆಯಲ್ಲಿ ಒಂಟಿಯಾಗಿದ್ದ ತಂಗಿ ವರ್ನೀಸ್‌ಳನ್ನು ಪಕ್ಕಕ್ಕೆ ಕರೆತರಬೇಕೆಂಬುದೊಂದೇ ಅವಳ ಆಸೆ.

ಮನೆ ನಿಜವಾಗಿ ಖಾಲಿಯೇ ಎಂದು ನೋಡಲು ಕಚೇರಿಯಿಂದ ಟಮೀಕಾ ಎಂಬ ಹುಡುಗಿ ಬಂದಳು. ಅಂದು ಕಸದ ದಿನ. ಅಭ್ಯಾಸಬಲದಿಂದ ಓಡೆಲ್ಲಾ ಬೆಳಗ್ಗೆಯೇ ಡಬ್ಬಿ ಹೊರಗಿಟ್ಟು, ಬೂಟುಗಳನ್ನು ಒರೆಸಿ ತಿರುಗಿಸಿಟ್ಟಿದ್ದಳು.

"ಮೇಡಂ, ಇಲ್ಲಿ ಯಾರೋ ಇದಾರೆ. ಜನ ಇರೋ ಮನೆ ಕೊಡಕ್ಕಾಗಲ್ಲ."

"ಯಾರೂ ಇಲ್ಲ ಕಣಮ್ಮ. ಎಲ್ಲ ನಾನೇ ಇಟ್ಟಿದ್ದು."

"ಮನೆ ಬೇಕಾದೋರೆಲ್ಲ ಹಾಗೇ ಹೇಳ್ತಾರೆ."

ಅಷ್ಟರಲ್ಲಿ ಎದುರು ಮನೆಯ ಮುದುಕ ಕ್ಲೆಟಸ್ ಪ್ರೂಯಿಟ್ ಕೋಲೂರಿಕೊಂಡು ಬಂದ. "ಅವನ ಮೇಲೇನಮ್ಮಾ ದೂರು? ಬಂಗಾರದಂಥ ಮನುಷ್ಯ. ಹಿಮ ಬಿದ್ರೆ ನಾನು ಏಳೋದ್ರೊಳಗೆ ನನ್ನ ಮೆಟ್ಟಿಲು ಗುಡಿಸಿರ್ತಾನೆ."

ಓಡೆಲ್ಲಾ ಅಡ್ಡ ಬಂದಳು. "ಕ್ಲೆಟಸ್, ಗುಡಿಸ್ತಿದ್ದಿದ್ದು ನಾನು."

"ನೀನಾ? ಮತ್ತೆ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ನಾನು ಅವನ ಜಗಲೀಲಿ ಗೆಣಸಿನ ಪೈ ಇಟ್ಟಿದ್ನಲ್ಲ, ತಟ್ಟೆ ತೊಳೆದು ವಾಪಸ್ ಇಟ್ಟಿದ್ಯಾರು?"

"ನಾನೇ ತಿಂದೆ. ಸಕ್ಕರೆ ಒಂಚೂರು ಹೆಚ್ಚಾಗಿತ್ತು."

ಮುದುಕನ ಮುಖ ಬಾಡಿತು. "ಇಷ್ಟು ವರ್ಷ ಎದುರುಗಡೆ ಒಬ್ಬ ಸ್ನೇಹಿತ ಇದಾನೆ ಅಂದ್ಕೊಂಡಿದ್ದೆ."

"ಇದಾಳಲ್ಲೋ, ದಡ್ಡ."

ಟಮೀಕಾಗೆ ನಗು ತಡೆಯಲಾಗಲಿಲ್ಲ. ಒಳಗೆ ಹೋಗಿ ನೋಡಿದಳು: ಹಾಸಿಗೆಯಿಲ್ಲ, ಒಲೆಯಿಲ್ಲ, ಪೈಪುಗಳು ಮಾತ್ರ ಇದ್ದಲ್ಲೇ ಇವೆ. ಹೊರಗೆ ಬಂದು, ಖಾಲಿ ಎಂದೇ ಬರೆದಳು. "ಮನೆ ನಿಮಗೇ ಸಿಗತ್ತೆ. ಎರಡು ವರ್ಷ ಬಿಟ್ಟು ಮಾರಿ ಮೇಡಂ, ಒಳ್ಳೇ ಲಾಭ ಬರತ್ತೆ" ಎಂದಳು.

"ಲಾಭ ಬಸ್ಸಲ್ಲಿ ಬರತ್ತೆ, ಟೊಲೀಡೋದಿಂದ" ಎಂದಳು ಓಡೆಲ್ಲಾ. ನಿಂತಲ್ಲೇ ತಂಗಿಗೆ ಫೋನು ಮಾಡಿದಳು.

ಸುದ್ದಿ ತಿಳಿದ ವರ್ನೀಸ್ ಮೆಲ್ಲಗೆ ಕೇಳಿದಳು: "ಅಲ್ಲ ಅಕ್ಕಾ, ಆ ಮನೇಲಿ ಯಾರೋ ದೈತ್ಯ ಇದಾನೆ ಅಂತಿದ್ಯಲ್ಲ?"

"ಇವತ್ತು ಖಾಲಿ ಮಾಡ್ದ ಕಣೇ. ನೀನು ಬಾ."